ನಿನ್ನೆ ರಾತ್ರಿಯ ಜನರೇಟರ್

ಮನೆ ನಂ. 41 (ಬೆಳಗ್ಗೆ 5:52): ಯಾರಿಗಾದರೂ ನಿದ್ದೆ ಬಂತಾ? ರಾಜ್ಯೋತ್ಸವದ ಹಾಡು 11:40ಕ್ಕೆ ನಿಂತಿತು. ಜನರೇಟರ್ ಮಾತ್ರ ಎರಡು ಗಂಟೆವರೆಗೆ ಗುಡುಗುಡು. ಮತ್ತೆ ಅದೇ ಜಾಗ, ನಮ್ಮ ಗೇಟಿಗೆ ಒತ್ತಿಕೊಂಡು. ಅಮ್ಮನಿಗೆ ಉಬ್ಬಸ ಅಂತ ಗಣೇಶನ ಹಬ್ಬದಲ್ಲೇ ಹೇಳಿದ್ದೆ. ಒಣಗಿಸಿದ ಬಟ್ಟೆಯೆಲ್ಲ ಡೀಸೆಲ್ ವಾಸನೆ. ತುಳಸಿ ಎಲೆ ಒರೆಸಿದರೆ ಬೆರಳು ಕಪ್ಪು.

ಮಾಜಿ ಅಧ್ಯಕ್ಷರು (6:10): ವರ್ಷಕ್ಕೊಂದು ರಾಜ್ಯೋತ್ಸವ. ಕನ್ನಡದ ಹಾಡಿಗೂ ತಕರಾರಾ? ನನ್ನ ಕಾಲದಲ್ಲಿ ಎರಡು ದಿನ ಆರ್ಕೆಸ್ಟ್ರಾ ಮಾಡಿಸಿದ್ದೆ. ಒಬ್ಬರೂ ಉಸಿರೆತ್ತಿರಲಿಲ್ಲ.

ಮನೆ ನಂ. 41: ಅದನ್ನೇ ಹೇಳುತ್ತಿರೋದು ಸಾರ್. ಉಸಿರು ಎತ್ತೋಕೇ ಆಗುತ್ತಿಲ್ಲ.

2ನೇ ಕ್ರಾಸ್ ಟೀಚರ್: ಹಾಡು ಬೇಡ ಅಂತ ಯಾರೂ ಅನ್ನಲಿಲ್ಲ. ವೇದಿಕೆ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಇದೆ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತಗೊಂಡು, ಜನರೇಟರ್ ಕರೆಂಟ್ ಹೋದಾಗ ಮಾತ್ರ ಇಟ್ಟುಕೊಳ್ಳಬಹುದಲ್ವಾ? 2024ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮ್ಯಾಸಿವ್ ಅಟ್ಯಾಕ್ ಅನ್ನೋ ಸಂಗೀತ ತಂಡ ದಿನವಿಡೀ ಕಾರ್ಯಕ್ರಮವನ್ನು ಬ್ಯಾಟರಿಯಲ್ಲೇ ನಡೆಸಿತು. ಅಲ್ಲಿ 30 ಸಾವಿರಕ್ಕೂ ಜಾಸ್ತಿ ಜನ. ನಮ್ಮದು ಮುನ್ನೂರು ಕುರ್ಚಿ.

ಮಾಜಿ ಅಧ್ಯಕ್ಷರು: ಬ್ರಿಸ್ಟಲ್‌ನಲ್ಲಿ ಚಂದಾ ಎತ್ತೋಕೆ ನಾನು ಹೋಗಿರಲಿಲ್ಲ.

ಮನೆ ನಂ. 17: 😂😂

ಮಹಡಿ ಮನೆ ಅಂಕಲ್: 🌹ಶುಭೋದಯ🌹 ರಾತ್ರಿ ನೆನೆಸಿದ ಮೆಂತ್ಯ ಖಾಲಿ ಹೊಟ್ಟೆಗೆ ತಿಂದರೆ ಆಗುವ ಏಳು ಲಾಭಗಳು. ಹತ್ತು ಜನರಿಗೆ ಕಳಿಸಿ.

ಮನೆ ನಂ. 41: ಹತ್ತು ಗಂಟೆಗೆ ನಿಲ್ಲಿಸಬೇಕು ಅಂತ ನಿಯಮ ಇಲ್ವಾ?

ಸೆಕ್ರೆಟರಿ: ಇದೆ. ವರ್ಷಕ್ಕೆ ಹೆಚ್ಚೆಂದರೆ 15 ದಿನ 12ರವರೆಗೆ ಸರ್ಕಾರ ಬಿಡಬಹುದು. ನಮಗೆ ಅನುಮತಿ ಸಿಕ್ಕಿತ್ತು. ಆದರೆ ಅದು ಮೈಕಿನ ಮಾತು. ಜನರೇಟರ್ ಎರಡರವರೆಗೆ ಯಾಕೆ ಓಡಿತೋ ನನಗೂ ಗೊತ್ತಿಲ್ಲ. ಶಾಮಿಯಾನ ಬಿಚ್ಚುವವರಿಗೆ ಲೈಟ್ ಬೇಕಿತ್ತಂತೆ.

ಮನೆ ನಂ. 17: ನಾಲ್ಕು ಬಲ್ಬಿಗೆ ಅಷ್ಟು ದೊಡ್ಡ ಜನರೇಟರ್. ಹೊಗೆ ಬರದೆ ಇನ್ನೇನು ಬರುತ್ತೆ?

ಮೂಲೆ ಮನೆ ಆಂಟಿ: ಮೋರಿ ಜಾಲರಿ ಯಾರಾದರೂ ನೋಡಿದಿರಾ? ಕಾಫಿ ಕಪ್ಪುಗಳು ಒಂದರೊಳಗೊಂದು ಕೂತಿವೆ. ನೀರು ನನ್ನ ರಂಗೋಲಿ ಮೇಲೆ ಹರಿಯುತ್ತಿದೆ.

ಮಾಜಿ ಅಧ್ಯಕ್ಷರು: ಪ್ಲಾಸ್ಟಿಕ್ ಕಪ್ಪು 2016ರಲ್ಲೇ ನಿಷೇಧ ಆಯ್ತು ಅಂತ ನೀವೇ ಕುಣಿದಿರಿ. ಅದಕ್ಕೇ ಪೇಪರ್ ತಂದೆವು. ಈಗ ಅದೂ ತಪ್ಪಾ?

2ನೇ ಕ್ರಾಸ್ ಟೀಚರ್: ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪದರ ಇರುತ್ತೆ ಸಾರ್. ಹಸಿ ಕಸಕ್ಕೂ ಆಗಲ್ಲ. ಗವಿಪುರದಲ್ಲಿ ಅದಮ್ಯ ಚೇತನ ಸಂಸ್ಥೆಯ ತಟ್ಟೆ ಬ್ಯಾಂಕ್ ಇದೆ. ಸ್ಟೀಲ್ ತಟ್ಟೆ, ಲೋಟ ತಂದು ಬಳಸಿ ವಾಪಸ್ ಕೊಟ್ಟರಾಯ್ತು. ಭಾನುವಾರ ಹತ್ತಕ್ಕೆ ಪಾರ್ಕಿನಲ್ಲಿ ಸೇರೋಣವಾ? ವಿಷಯ ಎರಡೇ. ಕರೆಂಟು, ಲೋಟ.

ಮನೆ ನಂ. 41: ನಾನು ಬರುತ್ತೇನೆ.

ಮನೆ ನಂ. 17: ತಿಂಡಿ ಇದ್ದರೆ ನಾನೂ.

ಮೂಲೆ ಮನೆ ಆಂಟಿ: ತಟ್ಟೆ ಬ್ಯಾಂಕ್ ಯಾಕೆ? ಸಂಘದ್ದೇ 200 ಸ್ಟೀಲ್ ಲೋಟ ಇತ್ತಲ್ಲ?

ಸೆಕ್ರೆಟರಿ: ಗಣೇಶನ ಹಬ್ಬ ಆದಮೇಲೆ ಎಣಿಸಿದಾಗ 143.

ಮಾಜಿ ಅಧ್ಯಕ್ಷರು: ನಾನು ಅಧಿಕಾರ ಬಿಟ್ಟಾಗ ಪೂರ್ತಿ 200 ಇತ್ತು. ಬರೆದುಕೊಳ್ಳಿ.

ಮನೆ ನಂ. 17: ನಿಮ್ಮ ಮೊಮ್ಮಗನ ನಾಮಕರಣದಲ್ಲಿ ಪಾನಕ ಕುಡಿದದ್ದು ಯಾವ ಲೋಟದಲ್ಲಿ ಸಾರ್? ತಳದಲ್ಲಿ ಸಂಘದ ಹೆಸರು ಕೊರೆದಿತ್ತಪ್ಪ.

ಮಾಜಿ ಅಧ್ಯಕ್ಷರು: ಈ ಮಾತು ವಾಪಸ್ ತಗೊಳ್ಳಿ. ಇಲ್ಲಾಂದ್ರೆ ಗುಂಪು ಬಿಡುತ್ತೇನೆ.

ಮಹಡಿ ಮನೆ ಅಂಕಲ್: ಮೆಂತ್ಯ ಹಸಿದಾ, ಹುರಿದದ್ದಾ ಅಂತ ಕೇಳಿದವರಿಗೆ: ಹಸಿದು.

ಸೆಕ್ರೆಟರಿ: ದಯವಿಟ್ಟು ಎಲ್ಲರೂ ಸುಮ್ಮನಿರಿ. ಭಾನುವಾರದ ಮೀಟಿಂಗ್‌ನಲ್ಲಿ ಮೊದಲು ಲೋಟ ಎಣಿಸೋಣ. ಸ್ಟೋರ್ ರೂಮ್ ಬೀಗದ ಕೈ ಯಾರ ಹತ್ತಿರ ಇದೆ?

ಮನೆ ನಂ. 41: ಜನರೇಟರ್ ಇನ್ನೂ ನಮ್ಮ ಗೇಟಿನ ಮುಂದೇ ಇದೆ.

ಮೂಲೆ ಮನೆ ಆಂಟಿ: ಬೀಗದ ಕೈ ಹಿಂದಿನ ಸೆಕ್ರೆಟರಿ ಹತ್ತಿರ ಅಂತ ಕೇಳಿದ್ದೆ. ಅವರು ಮೈಸೂರಿಗೆ ಹೋಗಿಬಿಟ್ಟರಲ್ಲ?