ಸಹಾಯ ಬೇಕು: ನಾಕ್ಸೋಸ್ ದ್ವೀಪದಲ್ಲಿ ಮೂರು ರಾತ್ರಿಗೆ ಕಡಲತೀರದ ಹೋಟೆಲ್

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಯ ವಾರದಲ್ಲಿ ನಾನು, ನನ್ನ ಪತ್ನಿ ಹಾಗೂ ಮಂಡಿನೋವಿರುವ ನಮ್ಮ ತಾಯಿಯವರು ಅಥೆನ್ಸ್ ಬಳಿಯ ಪಿರೇಯಸ್ ಬಂದರಿನಿಂದ ಹಡಗಿನಲ್ಲಿ ಗ್ರೀಸ್‌ನ ನಾಕ್ಸೋಸ್ ದ್ವೀಪಕ್ಕೆ ಹೋಗಿ ಮೂರು ರಾತ್ರಿ ತಂಗಲಿದ್ದೇವೆ. ಸ್ಯಾಂಟೊರಿನಿಯನ್ನು ಕೈಬಿಟ್ಟದ್ದು ಅಲ್ಲಿನ ಮೆಟ್ಟಿಲುಗಳಿಗೆ ಹೆದರಿ.

ಆಯಿಯೋಸ್ ಯೋರ್ಗಿಯೋಸ್ ತೀರದಲ್ಲಿ ಉಳಿದರೆ ಮುಖ್ಯ ಪಟ್ಟಣವಾದ ಖೋರಾಕ್ಕೆ ನಡೆದೇ ಹೋಗಬಹುದು, ನೀರೂ ಬಹುದೂರದವರೆಗೆ ಆಳವಿಲ್ಲದ್ದರಿಂದ ತಾಯಿಯವರು ನಿಶ್ಚಿಂತೆಯಿಂದ ಕಾಲಿಳಿಸಬಹುದು. ಆಯಿಯೋಸ್ ಪ್ರೊಕೋಪಿಯೋಸ್‌ನ ಮರಳು ಇನ್ನೂ ಚೆಂದವೆನ್ನುತ್ತಾರಾದರೂ ಪ್ರತಿ ಸಂಜೆ ಬಸ್ಸಿಗೆ ಕಾಯಬೇಕಾಗುತ್ತದೆ. ನನ್ನ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತಿದೆ.

ಜುಲೈ, ಆಗಸ್ಟ್‌ನಲ್ಲಿ ಬೀಸುವ ಮೆಲ್ಟೆಮಿ ಎಂಬ ಉತ್ತರದ ಗಾಳಿಗೆ ಮರಳು ಮುಖಕ್ಕೆ ರಾಚುವಂತಿದ್ದರೆ, ಯಾವ ತೀರದಲ್ಲಿ ಅದರ ಕಾಟ ಕಡಿಮೆ ಎಂಬುದನ್ನು ಅಲ್ಲಿಗೆ ಹೋಗಿಬಂದವರು ದಯವಿಟ್ಟು ತಿಳಿಸಬೇಕು. ‘ಕಡಲಿಗೆ ಎರಡೇ ನಿಮಿಷ’ ಎಂದು ಬರೆದುಕೊಂಡಿದ್ದ ಒಂದು ಹೋಟೆಲಿನ ಚಿತ್ರವನ್ನು ಹಿಗ್ಗಿಸಿ ನೋಡಿದಾಗ, ಬಾಲ್ಕನಿಯ ಕಂಬಿಯಾಚೆ ಮೊದಲು ಕಂಡದ್ದು ಸಾಲಾಗಿ ನಿಲ್ಲಿಸಿದ ಬಾಡಿಗೆ ಸ್ಕೂಟರುಗಳು! ಆದ್ದರಿಂದ ನೆಲಮಹಡಿಯ ಕೋಣೆ ಅಥವಾ ಲಿಫ್ಟ್ ಇರುವ, ತೀರಕ್ಕೆ ರಸ್ತೆ ದಾಟದೆ ಹೋಗಬಹುದಾದ, ನೀವು ಸ್ವತಃ ತಂಗಿದ್ದ ಹೋಟೆಲಿದ್ದರೆ ಮಾತ್ರ ಸೂಚಿಸಿ. ಹತ್ತಿರದಲ್ಲಿ ಸಸ್ಯಾಹಾರ ಸಿಗುವ ಹೋಟೆಲಿದ್ದರೆ ಅದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.