ಅಪ್‌ಡೇಟ್: ಭಾವನವರಿಗೆ ಕೊನೆಗೂ ಕೊಂಡ ಬಾಟಲಿ

ಭಾವನವರ ಅರವತ್ತಕ್ಕೆ ಎಂಥ ವಿಸ್ಕಿ ಕೊಡಲಿ, ಲೇಬಲ್ಲಿನಲ್ಲಿ ‘12 ವರ್ಷ’ (ಪೀಪಾಯಿಯಲ್ಲಿ ಮಾಗಿದ ಕಾಲ) ಎಂದು ಇರಲೇಬೇಕೇ ಎಂದು ಹೋದ ವಾರ ಕೇಳಿದ್ದೆನಲ್ಲ, ಕೊಂಡಾಯಿತು. ಬೆಂಗಳೂರಿನದೇ ಅಮೃತ್ ಫ್ಯೂಷನ್. ವರ್ಷದ ಲೆಕ್ಕ ಬಿಡಿ ಎಂದವರ ಮಾತೇ ಸರಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ, ಇಲ್ಲಿನ ಹವೆಗೆ ಸುಮಾರು ಶೇ. 10ರಷ್ಟು ಹಾರಿಹೋಗುತ್ತದೆ, ಮಾಗುವುದೂ ಅಷ್ಟೇ ಬೇಗ.

ಅಂಗಡಿಯಾತ ದುಬಾರಿ ಪೆಟ್ಟಿಗೆಯೊಂದನ್ನು ಮುಂದೆ ತಳ್ಳುತ್ತಲೇ ಇದ್ದ. ಒಳಗೆ ಗಾಜಿನ ಲೋಟ ಎರಡು, ವಿಸ್ಕಿ ಮಾತ್ರ ಬ್ಲೆಂಡೆಡ್, ಅಂದರೆ ಬೇರೆ ಬೇರೆ ವಿಸ್ಕಿ ಬೆರೆಸಿದ್ದು! ನಾನು ‘ಸಿಂಗಲ್ ಮಾಲ್ಟ್’ (ಒಂದೇ ಭಟ್ಟಿಯಲ್ಲಿ, ಬರೀ ಮೊಳಕೆ ಬಾರ್ಲಿಯಿಂದ ಆದದ್ದು) ಎಂಬ ಪದ, ಮುಚ್ಚಳದ ಸೀಲು, ಅಬಕಾರಿ ಚೀಟಿ ನೋಡಿಕೊಂಡೇ ದುಡ್ಡು ಕೊಟ್ಟೆ.

ಆಲ್ಕೋಹಾಲ್ ಶೇ. 50, ಭಾವ ಮೊದಲ ಗುಟುಕಿಗೇ ಕೆಮ್ಮಿದರು. ನಾಲ್ಕು ಹನಿ ನೀರು ಬಿದ್ದ ಮೇಲೆ ಮುಖ ಅರಳಿತು. ಅಕ್ಕ ಮಾತ್ರ, “ಸುಟ್ಟ ಸೌದೆಯ ನಾತ” ಎಂದು ಕಿಟಕಿ ತೆರೆದಳು.