ಅಪ್‌ಡೇಟ್: 4,29,49,67,297 ಅವಿಭಾಜ್ಯ ಅಲ್ಲ!

ಈ ಸಂಖ್ಯೆ ಅವಿಭಾಜ್ಯವೇ ಅಂತ ಕೇಳಿದ್ದೆ. 500ರವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಿ ಸುಸ್ತಾಗಿತ್ತು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಇದು 2ರ 32ನೇ ಘಾತಕ್ಕೆ 1 ಸೇರಿಸಿದ ಸಂಖ್ಯೆ ಅಂತ ಒಬ್ಬರು ತೋರಿಸಿದ ಮೇಲೆ ದಾರಿ ಸಿಕ್ಕಿತು. ಇದರ ಯಾವುದೇ ಅವಿಭಾಜ್ಯ ಅಪವರ್ತನ 128ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. ಹಾಗೆ ಹುಡುಕಿದರೆ ಮೊದಲು ಸಿಗುವುದು 257. ಅದು ಭಾಗಿಸುವುದಿಲ್ಲ. ಮುಂದಿನದು 641. ಶೇಷ ಸೊನ್ನೆ! ನಾನು ಸ್ವಲ್ಪ ಮುಂಚೆಯೇ ನಿಲ್ಲಿಸಿಬಿಟ್ಟಿದ್ದೆ, ಅಲ್ವಾ?

ಭಾಗಲಬ್ಧ 67,00,417. ಅದನ್ನೂ ಪರೀಕ್ಷಿಸಿದೆ. ಅದರ ವರ್ಗಮೂಲದವರೆಗೆ ಇದೇ ರೂಪದ ಅವಿಭಾಜ್ಯಗಳಲ್ಲಿ ಉಳಿಯುವುದು 641, 769, 1153, 1409, ಈ ನಾಲ್ಕನ್ನು ನೋಡಿದರೆ ಸಾಕು, ಯಾವುದೂ ಭಾಗಿಸುವುದಿಲ್ಲ. ಅಂದರೆ ಅದು ಅವಿಭಾಜ್ಯ.

ನನಗೆ ಜಾಸ್ತಿ ಹಿಡಿಸಿದ್ದು 641 ಭಾಗಿಸುತ್ತದೆ ಅನ್ನುವುದಕ್ಕೆ ಭಾಗಾಕಾರವೇ ಇಲ್ಲದ ಪುರಾವೆ. 641 ಅಂದರೆ 5×128+1. ಅದೇ 641 ಅಂದರೆ 625+16, ಅಂದರೆ 5ರ ನಾಲ್ಕನೇ ಘಾತ ಮತ್ತು 2ರ ನಾಲ್ಕನೇ ಘಾತದ ಮೊತ್ತ. ಮೊದಲನೆಯದರ ಪ್ರಕಾರ 641ರ ಲೆಕ್ಕದಲ್ಲಿ (ಅಂದರೆ 641ರಿಂದ ಭಾಗಿಸಿದಾಗ ಬರುವ ಶೇಷವನ್ನಷ್ಟೇ ನೋಡಿದರೆ) 5×128 ಮತ್ತು −1 ಒಂದೇ. ಎರಡನೆಯದರ ಪ್ರಕಾರ 625 ಮತ್ತು −16 ಒಂದೇ. 5×128 ಮತ್ತು −1 ಎರಡನ್ನೂ ನಾಲ್ಕನೇ ಘಾತಕ್ಕೆ ಏರಿಸಿದರೆ, 625 × 2ರ 28ನೇ ಘಾತ ಮತ್ತು 1 ಒಂದೇ; ಇಲ್ಲಿ 625ರ ಜಾಗದಲ್ಲಿ −16 ಇಡಿ. 2ರ 32ನೇ ಘಾತಕ್ಕೆ 1 ಸೇರಿಸಿದರೆ ಶೇಷ ಸೊನ್ನೆ ಅನ್ನುವ ಉತ್ತರ ತಾನಾಗಿಯೇ ಬರುತ್ತದೆ.

ಗಣಿತಜ್ಞ ಫರ್ಮಾ 4,29,49,67,297 ಅನ್ನು ಅವಿಭಾಜ್ಯ ಅಂತ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದರ ಅಪವರ್ತನ 641 ಅನ್ನು ಕಂಡುಹಿಡಿದರು.